ಪಂಚಾಯಿತಿ, ಪಾಲಿಕೆಯ ವಿಧೇಯಕ ಸಮಿತಿಗೆ ಹೋದಾಗ: ಓದುವುದು, ಬರೆಯುವುದು, ಬೆನ್ನುಹತ್ತುವುದು ಹೇಗೆ

ಸದನದಲ್ಲಿ ಮಂಡನೆಯಾದ ವಿಧೇಯಕ ತಾನಾಗಿಯೇ ಯಾವುದೋ ಸಮಿತಿಯ ಮುಂದೆ ಹೋಗುತ್ತದೆ, ಅಲ್ಲಿ ಸಾಲುಸಾಲಾಗಿ ಚರ್ಚೆಯಾಗುತ್ತದೆ ಎಂದು ನಂಬಿದವರು ಬಹಳ. ಕರ್ನಾಟಕದಲ್ಲಿ ಹಾಗಿಲ್ಲ. ಕೇರಳದಲ್ಲಿ ವಿಷಯವಾರು ಸಮಿತಿಗಳಿವೆ, ವಿಧೇಯಕಗಳು ಅವುಗಳ ಮೂಲಕ ಹಾದುಬರುವುದು ಅಲ್ಲಿನ ರೂಢಿ. ನಮ್ಮಲ್ಲಿ ಸದನ ಒಂದು ಪ್ರಸ್ತಾವವನ್ನು ಒಪ್ಪಿ ಕಳಿಸಿಕೊಟ್ಟರೆ ಮಾತ್ರ ವಿಧೇಯಕ ಸಮಿತಿಗೆ ಹೋಗುತ್ತದೆ. ಇಲ್ಲದಿದ್ದರೆ ಅಧಿವೇಶನದ ಕೊನೆಯ ದಿನಗಳಲ್ಲಿ, ಗದ್ದಲದ ನಡುವೆ ಧ್ವನಿಮತದಲ್ಲೇ ಅಂಗೀಕಾರವಾಗಿಬಿಡುವುದೂ ಉಂಟು. ಹಾಗಾಗಿ ನಿಮ್ಮ ಊರಿನ ಪಂಚಾಯಿತಿ, ಪುರಸಭೆ ಅಥವಾ ಪಾಲಿಕೆಯ ಅಧಿಕಾರವನ್ನು ಬದಲಿಸುವ ವಿಧೇಯಕ ಬಂತೆಂದರೆ ಮೊದಲ ಕೆಲಸ ಅದನ್ನು ಸಮಿತಿಗೆ ಕಳಿಸುವಂತೆ ಕೇಳುವುದು. ಸಮಿತಿಯ ಮುಂದೆ ಏನು ಹೇಳಬೇಕೆಂಬುದು ಆಮೇಲಿನ ಮಾತು.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ಒಂದೇ ಸದನದ ಸದಸ್ಯರಿರುವುದು ಪರಿಶೀಲನಾ ಸಮಿತಿ. ವಿಧಾನಸಭೆ, ವಿಧಾನ ಪರಿಷತ್ತು ಎರಡರ ಸದಸ್ಯರೂ ಇದ್ದರೆ ಜಂಟಿ ಪರಿಶೀಲನಾ ಸಮಿತಿ. ಪತ್ರಿಕೆಗಳು ಇದನ್ನೇ ಜಂಟಿ ಆಯ್ಕೆ ಸಮಿತಿ ಅಂತಲೋ ಜಂಟಿ ಸದನ ಸಮಿತಿ ಅಂತಲೋ ಬರೆಯುತ್ತವೆ. ಹಗರಣಗಳ ವಿಚಾರಣೆಗೆ ರಚಿಸುವ ಸದನ ಸಮಿತಿ ಬೇರೆ. ಸ್ಥಳೀಯ ಸಂಸ್ಥೆಗಳ ಮತ್ತು ಪಂಚಾಯತ್ ರಾಜ್ ಸಂಸ್ಥೆಗಳ ಸಮಿತಿ ಎಂಬ ಕಾಯಂ ಸಮಿತಿಯೂ ಒಂದಿದೆ. ಹೆಸರು ಕೇಳಿದರೆ ವಿಧೇಯಕ ಅಲ್ಲಿಗೇ ಹೋಗಬೇಕು ಅನಿಸುತ್ತದೆ. ಅದರ ಕೆಲಸ ಮುಖ್ಯವಾಗಿ ಲೆಕ್ಕಪರಿಶೋಧನಾ ವರದಿಗಳದ್ದು. ವಿಧೇಯಕದ ಮೇಲಿನ ಮನವಿಯನ್ನು ಅಲ್ಲಿಗೆ ಕಳಿಸಿ ಉತ್ತರಕ್ಕಾಗಿ ಕಾಯುತ್ತಾ ಕೂತರೆ ಅಷ್ಟರಲ್ಲಿ ಅಧಿವೇಶನವೇ ಮುಗಿದಿರುತ್ತದೆ.

ಮೊದಲ ಹೆಜ್ಜೆ: ವಿಧೇಯಕವನ್ನು ಹಿಂದಿನಿಂದ ಓದಿ

ವಿಧೇಯಕದ ಪ್ರತಿ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಮೂಲ ಕಾಯ್ದೆ ಬೇಕಾದರೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನಾ ಇಲಾಖೆಯ ತಾಣ ನೋಡಿ. ಸ್ಥಳೀಯ ಆಡಳಿತದ ಮಟ್ಟಿಗೆ ಮೂಲ ಕಾಯ್ದೆ ಎಂದರೆ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು: 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1964ರ ಪುರಸಭೆಗಳ ಅಧಿನಿಯಮ, 1976ರ ಮಹಾನಗರ ಪಾಲಿಕೆಗಳ ಅಧಿನಿಯಮ, ಬೆಂಗಳೂರಿಗಾದರೆ 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ.

ಕೈಗೆ ಸಿಕ್ಕ ಕೂಡಲೇ ಮೊದಲ ಖಂಡದಿಂದ ಶುರುಮಾಡಬೇಡಿ, ಕೊನೆಯ ಪುಟಗಳಿಂದ ಓದಿ. ಅಲ್ಲಿ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ಇರುತ್ತದೆ. ಸರ್ಕಾರ ಯಾಕೆ ಈ ವಿಧೇಯಕ ತಂದಿದೆ ಎಂಬುದಕ್ಕೆ ಅದರ ಸ್ವಂತ ಮಾತು ಇದು. ಪಕ್ಕದಲ್ಲೇ ಖರ್ಚಿನ ಬಗೆಗಿನ ಜ್ಞಾಪನ ಪತ್ರ. ಇನ್ನೊಂದು ಟಿಪ್ಪಣಿಯಲ್ಲಿ ಯಾವ ಯಾವ ವಿಷಯಕ್ಕೆ ನಿಯಮ ರಚಿಸುವ ಅಧಿಕಾರವನ್ನು ಸರ್ಕಾರ ತನ್ನಲ್ಲೇ ಇಟ್ಟುಕೊಂಡಿದೆ ಎಂಬುದಿರುತ್ತದೆ. ಈ ಕೊನೆಯದನ್ನು ಯಾರೂ ಓದುವುದಿಲ್ಲ. ಸ್ಥಳೀಯ ಸಂಸ್ಥೆಗೆ ಪೆಟ್ಟು ಬೀಳುವುದು ಹೆಚ್ಚಾಗಿ ಅಲ್ಲಿಂದಲೇ: 'ನಿಯಮಿಸಬಹುದಾದಂಥ ರೀತಿಯಲ್ಲಿ' ಎಂಬ ನುಡಿ ಬಂದ ಕಡೆಯೆಲ್ಲ ನಿಜವಾದ ನಿರ್ಧಾರ ಸದನದಿಂದ ಇಲಾಖೆಯ ಮೇಜಿಗೆ ಜಾರಿರುತ್ತದೆ.

ಎರಡನೆಯ ಹೆಜ್ಜೆ: ಮೂಲ ಕಾಯ್ದೆಯೊಂದಿಗೆ ಜೋಡಿಸಿ ಓದುವುದು

ತಿದ್ದುಪಡಿ ವಿಧೇಯಕ ಬಿಡಿಯಾಗಿ ಓದಿದರೆ ಅರ್ಥವಾಗದು. ಒಂದು ಖಂಡ ಹೀಗಿದೆ ಎಂದುಕೊಳ್ಳಿ (ಪ್ರಕರಣ ಎಂದರೆ ಕಾಯ್ದೆಯ ಸೆಕ್ಷನ್): 'ಮೂಲ ಅಧಿನಿಯಮದ ಸದರಿ ಪ್ರಕರಣದ (2)ನೇ ಉಪಪ್ರಕರಣದಲ್ಲಿ, "ಗ್ರಾಮ ಪಂಚಾಯಿತಿಯ ಪೂರ್ವಾನುಮೋದನೆಯೊಂದಿಗೆ" ಎಂಬ ಪದಗಳನ್ನು ಬಿಟ್ಟುಬಿಡತಕ್ಕದ್ದು.' ಒಂದೇ ಸಾಲು, ನಿರುಪದ್ರವಿಯಂತೆ ಕಾಣುತ್ತದೆ. ಈಗ ಮೂಲ ತೆಗೆದು ನೋಡಿ. ಅಲ್ಲಿ 'ಗ್ರಾಮ ಪಂಚಾಯಿತಿಯ ಪೂರ್ವಾನುಮೋದನೆಯೊಂದಿಗೆ, ಅಧಿಕಾರಿಯು ಪರವಾನಗಿ ನೀಡಬಹುದು' ಎಂದಿದ್ದರೆ, ತಿದ್ದುಪಡಿಯ ನಂತರ ಉಳಿಯುವುದು 'ಅಧಿಕಾರಿಯು ಪರವಾನಗಿ ನೀಡಬಹುದು' ಎಂಬಷ್ಟೇ. ಚುನಾಯಿತ ಪಂಚಾಯಿತಿ ಮೂರು ಪದಗಳಲ್ಲಿ ಹೊರಗೆ ಹೋಯಿತು. ಉದ್ದೇಶಗಳ ಹೇಳಿಕೆಯಲ್ಲಿ ಮಾತ್ರ 'ಪರವಾನಗಿ ನೀಡಿಕೆಯ ವಿಳಂಬ ತಪ್ಪಿಸಲು' ಎಂದು ಬರೆದಿರಬಹುದು.

ಇದನ್ನು ಹಿಡಿಯಲು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿಕೊಳ್ಳಿ: ಖಂಡದ ಸಂಖ್ಯೆ, ಈಗಿರುವ ಪಾಠ (ಅಂದರೆ ಕಾನೂನಿನ ಪದಗಳು), ತಿದ್ದುಪಡಿಯ ನಂತರದ ಪಾಠ, ಯಾರ ಕೈಯಿಂದ ಯಾರ ಕೈಗೆ ಅಧಿಕಾರ ಹೋಯಿತು. 'ಪ್ರತಿಯೋಜಿಸತಕ್ಕದ್ದು' ಎಂದರೆ ಹಳೆಯದರ ಜಾಗಕ್ಕೆ ಹೊಸದು. 'ಸೇರಿಸತಕ್ಕದ್ದು', 'ಬಿಟ್ಟುಬಿಡತಕ್ಕದ್ದು' ಎಂಬುವು ತಾವೇ ಹೇಳುತ್ತವೆ. 'ತಕ್ಕದ್ದು' ಇದ್ದ ಕಡೆ ಕಡ್ಡಾಯ, 'ಬಹುದು' ಇದ್ದ ಕಡೆ ಮರ್ಜಿ. ಅನುದಾನ ಬಿಡುಗಡೆ, ಚುನಾವಣೆ, ಸಭೆ ಕರೆಯುವುದು ಇವುಗಳ ಮುಂದೆ 'ಬಹುದು' ಕಂಡರೆ ಗುರುತು ಹಾಕಿ. 'ಏನೇ ಒಳಗೊಂಡಿದ್ದರೂ' ಎಂದು ಶುರುವಾಗುವ ಖಂಡ ಉಳಿದದ್ದನ್ನೆಲ್ಲ ಬದಿಗೆ ಸರಿಸುವಂಥದ್ದು, ಅದಕ್ಕೆ ಎರಡು ಗುರುತು ಹಾಕಿ.

ಕನ್ನಡ ಮತ್ತು ಇಂಗ್ಲಿಷ್ ಎರಡೂ ಪಾಠಗಳನ್ನು ಹೋಲಿಸಿ ನೋಡುವುದು ತಪ್ಪಿಸಬೇಡಿ. ಸಂವಿಧಾನದ 348(3)ನೇ ಅನುಚ್ಛೇದದ ಪ್ರಕಾರ, ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಅಧಿಕೃತ ಪಾಠವೆನಿಸುತ್ತದೆ. ಕನ್ನಡದಲ್ಲಿ ಸರಿಯಿದ್ದು ಇಂಗ್ಲಿಷಿನಲ್ಲಿ ಕಡ್ಡಾಯ ಸಡಿಲವಾಗಿದ್ದರೆ ನ್ಯಾಯಾಲಯದಲ್ಲಿ ನಿಲ್ಲುವುದು ಇಂಗ್ಲಿಷೇ.

ಮೂರನೆಯ ಹೆಜ್ಜೆ: ಸಂವಿಧಾನದ ಒರೆಗಲ್ಲು

ಸ್ಥಳೀಯ ಆಡಳಿತ ರಾಜ್ಯಪಟ್ಟಿಯ 5ನೇ ನಮೂದು. ಕಾನೂನು ಮಾಡುವ ಅಧಿಕಾರ ರಾಜ್ಯದ್ದೇ. ಆದರೆ ಪಂಚಾಯಿತಿ ಮತ್ತು ನಗರ ಸಂಸ್ಥೆಗಳಿಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದ 1993ರಿಂದ ಆ ಅಧಿಕಾರಕ್ಕೆ ಬೇಲಿಗಳಿವೆ. 'ವಿಕೇಂದ್ರೀಕರಣಕ್ಕೆ ಧಕ್ಕೆ' ಎಂಬ ಸಾಮಾನ್ಯ ಆಕ್ಷೇಪ ಸಮಿತಿಯ ಕಡತದಲ್ಲಿ ಎಲ್ಲೋ ಕಳೆದುಹೋಗುತ್ತದೆ. ಅನುಚ್ಛೇದದ ಸಂಖ್ಯೆ ಹಿಡಿದು ಕೇಳಿದರೆ ಇಲಾಖೆ ಲಿಖಿತವಾಗಿ ಉತ್ತರಿಸಬೇಕಾಗುತ್ತದೆ. ಮುಖ್ಯವಾಗಿ ನೋಡಬೇಕಾದವು:

ಅವಧಿ. 243ಇ ಮತ್ತು 243ಯು ಅನುಚ್ಛೇದಗಳಂತೆ ಐದು ವರ್ಷ. ಇದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಎರಡೂ ಅನುಚ್ಛೇದಗಳ (2)ನೇ ಖಂಡ: ಕಾನೂನಿಗೆ ತಿದ್ದುಪಡಿ ತಂದು, ಈಗ ನಡೆಯುತ್ತಿರುವ ಪಂಚಾಯಿತಿಯನ್ನೋ ಪಾಲಿಕೆಯನ್ನೋ ಅವಧಿಗೆ ಮೊದಲು ವಿಸರ್ಜಿಸುವಂತಿಲ್ಲ. ಗಡಿ ಬದಲಾವಣೆ, ಮೇಲ್ದರ್ಜೆಗೇರಿಕೆಯ ವಿಧೇಯಕಗಳಲ್ಲಿ ಇದನ್ನೇ ಮೊದಲು ಪರೀಕ್ಷಿಸಿ.

ಚುನಾವಣೆ. ಮತದಾರರ ಪಟ್ಟಿ ಮತ್ತು ಚುನಾವಣೆಯ ಮೇಲ್ವಿಚಾರಣೆ 243ಕೆ, 243ಜಡ್‌ಎ ಅಡಿ ರಾಜ್ಯ ಚುನಾವಣಾ ಆಯೋಗದ್ದು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಯಾರ ಕೈಯಲ್ಲಿರಬೇಕೆಂಬುದನ್ನು ಮಾತ್ರ ರಾಜ್ಯದ ಕಾನೂನು ನಿರ್ಧರಿಸುತ್ತದೆ, ಎಡವುವುದೂ ಅಲ್ಲೇ. 2021ರ ತಿದ್ದುಪಡಿಯಲ್ಲಿ ಪಂಚಾಯಿತಿಗಳ ಕ್ಷೇತ್ರ ವಿಂಗಡಣೆ ರಾಜ್ಯ ಚುನಾವಣಾ ಆಯೋಗದ ಕೈಯಿಂದ ಹೊಸದಾದ ಸೀಮಾ ನಿರ್ಣಯ ಆಯೋಗಕ್ಕೆ ಹೋಯಿತು. ಅದೇ ವರ್ಷ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹೊಸ ವಿಂಗಡಣೆಗೆ ಕಾನೂನಿನಲ್ಲೇ ಗಡುವು ಇದೆಯೇ ಎಂಬ ಒಂದು ಪ್ರಶ್ನೆ ಸಮಿತಿಯಲ್ಲಿ ಎದ್ದರೆ ಸಾಕಷ್ಟು ಕೆಲಸ ಮಾಡುತ್ತದೆ.

ಮೀಸಲಾತಿ. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟು 2021ರಲ್ಲಿ ಸ್ಪಷ್ಟಪಡಿಸಿದ ಮೂರು ಷರತ್ತುಗಳಿವೆ: ಇದಕ್ಕೆಂದೇ ರಚಿಸಿದ ಆಯೋಗದಿಂದ ಸಮಕಾಲೀನ ದತ್ತಾಂಶದ ಅಧ್ಯಯನ, ಅದರ ಆಧಾರದಲ್ಲಿ ಸಂಸ್ಥೆವಾರು ಪ್ರಮಾಣ ನಿಗದಿ, ಒಟ್ಟು ಮೀಸಲಾತಿ ಶೇ 50 ಮೀರದಿರುವುದು. ವಿಧೇಯಕದಲ್ಲಿ ಶೇಕಡಾವಾರು ಅಂಕಿ ಇದ್ದು ಅದರ ಹಿಂದೆ ವರದಿ ಇಲ್ಲದಿದ್ದರೆ ಅದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಯೋಜನೆ. ಮಹಾನಗರ ಯೋಜನಾ ಸಮಿತಿಯಲ್ಲಿ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರು ಚುನಾಯಿತರಿಂದ ಆಯ್ಕೆಯಾಗಿರಬೇಕು ಎನ್ನುತ್ತದೆ 243ಜಡ್‌ಇ. ನಗರಕ್ಕೊಂದು ಹೊಸ ಪ್ರಾಧಿಕಾರ ಕಟ್ಟುವ ವಿಧೇಯಕ ಬಂದಾಗಲೆಲ್ಲ ಆ ಪ್ರಾಧಿಕಾರಕ್ಕೂ ಈ ಸಮಿತಿಗೂ ಏನು ಸಂಬಂಧ ಎಂದು ಕೇಳಬೇಕು.

ತೆರಿಗೆಯ ಮಾತು ಬಂದರೆ ಇದು ಧನ ವಿಧೇಯಕ (ಮನಿ ಬಿಲ್), ಪರಿಷತ್ತಿಗೆ ಅಧಿಕಾರವಿಲ್ಲ ಎಂದು ಯಾರಾದರೂ ಅಂದುಬಿಡುತ್ತಾರೆ. ಒಪ್ಪಬೇಡಿ. ಸ್ಥಳೀಯ ಸಂಸ್ಥೆ ಸ್ಥಳೀಯ ಉದ್ದೇಶಕ್ಕೆ ಹಾಕುವ ತೆರಿಗೆಯ ಕುರಿತಾಗಿದೆ ಎಂಬ ಒಂದೇ ಕಾರಣಕ್ಕೆ ವಿಧೇಯಕ ಧನ ವಿಧೇಯಕವಾಗದು ಎಂದು 199(2) ನೇರವಾಗಿ ಹೇಳಿದೆ. ಪಂಚಾಯಿತಿ ಕಂದಾಯದ ವಿಧೇಯಕವೂ ಪರಿಷತ್ತಿನಲ್ಲಿ ಸಾಮಾನ್ಯ ವಿಧೇಯಕದಂತೆಯೇ ಪೂರ್ಣ ಪರಿಶೀಲನೆಗೆ ಬರಬೇಕು.

ನಾಲ್ಕನೆಯ ಹೆಜ್ಜೆ: ಸಮಿತಿಗೆ ಕಳಿಸುವಂತೆ ಮಾಡುವುದು

ಪುರಃಸ್ಥಾಪನೆಯ, ಅಂದರೆ ವಿಧೇಯಕವನ್ನು ಸದನದಲ್ಲಿ ಮಂಡಿಸಿದ ನಂತರ ಸದನದ ಮುಂದೆ ನಾಲ್ಕು ದಾರಿ: ಕೂಡಲೇ ಪರ್ಯಾಲೋಚಿಸುವುದು (ಚರ್ಚೆಗೆ ಎತ್ತಿಕೊಳ್ಳುವುದು), ಪರಿಶೀಲನಾ ಸಮಿತಿಗೆ ಕಳಿಸುವುದು, ಪರಿಷತ್ತಿನ ಸಹಮತಿ ಪಡೆದು ಜಂಟಿ ಸಮಿತಿಗೆ ಕಳಿಸುವುದು, ಸಾರ್ವಜನಿಕ ಅಭಿಪ್ರಾಯಕ್ಕೆ ಪ್ರಸಾರ ಮಾಡುವುದು. ಸಚಿವರು ಮೊದಲನೆಯದನ್ನು ಸೂಚಿಸಿದರೆ ಯಾವ ಸದಸ್ಯರಾದರೂ ಉಳಿದವುಗಳನ್ನು ತಿದ್ದುಪಡಿಯಾಗಿ ಸೂಚಿಸಬಹುದು. ಪುರಃಸ್ಥಾಪನೆಗೂ ಅಂಗೀಕಾರಕ್ಕೂ ನಡುವೆ ಕೆಲವೊಮ್ಮೆ ಒಂದೆರಡು ದಿನವಷ್ಟೇ ಇರುವುದರಿಂದ ಮಾಹಿತಿ ಹಕ್ಕಿನ ಅರ್ಜಿ ಹಾಕಿ 30 ದಿನ ಕಾಯುವುದು ಇಲ್ಲಿ ಕೆಲಸಕ್ಕೆ ಬಾರದು. ನಿಮ್ಮ ಶಾಸಕರಿಗೆ ಅದೇ ದಿನ ಒಂದು ಪುಟದ ಪತ್ರ ತಲುಪಿಸಿ, ಸದನದಲ್ಲಿ ಓದಿ ಹೇಳಬಹುದಾದ ಮೂರು ಖಂಡಗಳನ್ನು ಮಾತ್ರ ಎತ್ತಿ ತೋರಿಸಿ.

ಜೊತೆಗೆ ಪರಿಷತ್ತನ್ನು ಮರೆಯಬೇಡಿ. 75 ಸದಸ್ಯರ ಪರಿಷತ್ತಿನಲ್ಲಿ 25 ಮಂದಿಯನ್ನು ಆರಿಸಿ ಕಳಿಸುವುದು ಸ್ಥಳೀಯ ಸಂಸ್ಥೆಗಳ ಸದಸ್ಯರೇ, ಗ್ರಾಮ ಪಂಚಾಯಿತಿ ಸದಸ್ಯರ ಮತವೂ ಸೇರಿ. ಪಂಚಾಯಿತಿಯ ಅಧಿಕಾರ ಮೊಟಕಾಗುವ ವಿಧೇಯಕದ ಮೇಲೆ ಬಾಯಿಬಿಡಲು ಇವರಿಗಿಂತ ಹೆಚ್ಚು ಬಾಧ್ಯತೆ ಇರುವವರು ಸದನದಲ್ಲಿ ಬೇರೆ ಇಲ್ಲ. ನಮ್ಮ ಪಂಚಾಯಿತಿಗಳು ಈ ನಂಟನ್ನು ಚುನಾವಣೆಯ ವೇಳೆ ಬಿಟ್ಟರೆ ಮತ್ತೆ ಬಳಸುವುದೇ ಕಡಿಮೆ.

ಪರಿಷತ್ತಿನ ಶಕ್ತಿಗೆ ಮಿತಿಯೂ ಇದೆ. 2015ರಲ್ಲಿ ಬೆಂಗಳೂರು ಪಾಲಿಕೆಯನ್ನು ಒಡೆಯಲು ದಾರಿ ಮಾಡುವ ವಿಧೇಯಕವನ್ನು ವಿಧಾನಸಭೆ ಏಪ್ರಿಲ್‌ನಲ್ಲಿ ಅಂಗೀಕರಿಸಿತು. ವಿರೋಧ ಪಕ್ಷಗಳ ಬಲ ಹೆಚ್ಚಿದ್ದ ಪರಿಷತ್ತಿನಲ್ಲಿ ಅದು ಪರಿಶೀಲನಾ ಸಮಿತಿಗೆ ಹೋಯಿತು. 197ನೇ ಅನುಚ್ಛೇದದ ಲೆಕ್ಕ ಸರಳ: ಮೂರು ತಿಂಗಳಲ್ಲಿ ಪರಿಷತ್ತು ಅಂಗೀಕರಿಸದಿದ್ದರೆ ವಿಧಾನಸಭೆ ಮತ್ತೊಮ್ಮೆ ಅಂಗೀಕರಿಸಬಹುದು, ಆಮೇಲೆ ಪರಿಷತ್ತಿಗೆ ಸಿಗುವುದು ಒಂದೇ ತಿಂಗಳು. ಜುಲೈನಲ್ಲಿ ವಿಧಾನಸಭೆ ಮತ್ತೆ ಅಂಗೀಕರಿಸಿತು. ಪರಿಷತ್ತಿನ ಸಮಿತಿಯಿಂದ ಸಮಯ ಸಿಗುತ್ತದೆ, ತಡೆ ಸಿಗುವುದಿಲ್ಲ. ಎರಡೂ ಸದನಗಳ ಜಂಟಿ ಸಮಿತಿಯನ್ನೇ ಕೇಳುವುದು ಲೇಸು ಅನ್ನುವುದು ಇದಕ್ಕೇ.

ಐದನೆಯ ಹೆಜ್ಜೆ: ಸಮಿತಿಗೆ ಮನವಿ

2024ರ ಜುಲೈನಲ್ಲಿ ಮಂಡನೆಯಾದ ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ ಶಾಸಕ ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಜಂಟಿ ಸಮಿತಿಗೆ ಹೋಗಿ, 2025ರ ಫೆಬ್ರವರಿಯಲ್ಲಿ ವರದಿಯೊಂದಿಗೆ ಹಿಂತಿರುಗಿತು. ಏಳು ತಿಂಗಳು. ಹೊರಗಿನವರ ಮಾತು ಪಾಠಕ್ಕೆ ಸೇರಲು ಅವಕಾಶವಿರುವುದು ಈ ನಡುವಿನ ಕಾಲದಲ್ಲೇ, ಅದರಲ್ಲೂ ಮೊದಲರ್ಧದಲ್ಲಿ. ಸಮಿತಿ ಕೊನೆಯ ಹಂತದಲ್ಲಿ ಖಂಡವಾರು ಚರ್ಚೆಗೆ ಕೂತ ಮೇಲೆ ಬಂದ ಮನವಿಗಳು ಅನುಬಂಧದಲ್ಲಿ ಎಣಿಕೆಗೆ ಸೇರುತ್ತವೆ, ಅಷ್ಟೇ.

ಮನವಿಯನ್ನು ಸಮಿತಿಯ ಅಧ್ಯಕ್ಷರಿಗೆ, ವಿಧಾನಸಭೆ ಸಚಿವಾಲಯದ ಮೂಲಕ ಕಳಿಸಿ. ಮೇಲೆ ವಿಧೇಯಕದ ಸಂಖ್ಯೆ, ವರ್ಷ, ಹೆಸರು ತಪ್ಪಿಲ್ಲದೆ ಇರಲಿ. ಮೊದಲ ಪ್ಯಾರಾದಲ್ಲಿ ನೀವು ಯಾರು, ಈ ವಿಧೇಯಕ ನಿಮಗೆ ಹೇಗೆ ತಟ್ಟುತ್ತದೆ ಎಂದು ಎರಡು ಸಾಲು. ನಂತರ ಖಂಡವಾರು. ಒಂದೊಂದು ಖಂಡಕ್ಕೂ ಮೂರು ಭಾಗ: ಇರುವ ಪಾಠದ ತೊಡಕು, ನಿಮ್ಮ ಬದಲಿ ಪಾಠ, ಅದಕ್ಕೆ ಕಾರಣ. ಬದಲಿ ಪಾಠವಿಲ್ಲದ ಮನವಿಯನ್ನು ಸದಸ್ಯರು ಮೆಚ್ಚಬಹುದು, ಬಳಸಲಾರರು. ಅವರು ಸಭೆಯಲ್ಲಿ ತಿದ್ದುಪಡಿ ಸೂಚಿಸಬೇಕಾದರೆ ಕೈಯಲ್ಲಿ ವಾಕ್ಯ ಬೇಕು.

ಮೇಲಿನ ಪರವಾನಗಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 'ಈ ಖಂಡವನ್ನು ಕೈಬಿಡಿ' ಎಂದರೆ ವಿಳಂಬದ ದೂರು ಹಾಗೇ ಉಳಿಯುತ್ತದೆ, ಇಲಾಖೆ ಅದನ್ನೇ ಹಿಡಿದು ನಿಮ್ಮ ಮಾತನ್ನು ತಳ್ಳಿಹಾಕುತ್ತದೆ. ಬದಲಾಗಿ ಒಂದು ಪರಂತುಕ, ಅಂದರೆ 'ಆದರೆ' ಎಂದು ಷರತ್ತು ಹಾಕುವ ಸಾಲು, ಸೇರಿಸಿ ಹೀಗೆ ಬರೆಯಿರಿ: 'ಸದರಿ ಪದಗಳನ್ನು ಉಳಿಸಿಕೊಂಡು, ಈ ಪರಂತುಕವನ್ನು ಸೇರಿಸತಕ್ಕದ್ದು: ಪರಂತು, ಅರ್ಜಿಯು ತಲುಪಿದ ಮೂವತ್ತು ದಿನಗಳೊಳಗಾಗಿ ಗ್ರಾಮ ಪಂಚಾಯಿತಿಯು ತನ್ನ ತೀರ್ಮಾನವನ್ನು ತಿಳಿಸದಿದ್ದಲ್ಲಿ, ಅನುಮೋದನೆ ನೀಡಲಾಗಿದೆಯೆಂದು ಭಾವಿಸತಕ್ಕದ್ದು.' ವಿಳಂಬಕ್ಕೂ ಮದ್ದಾಯಿತು, ಪಂಚಾಯಿತಿಯೂ ಉಳಿಯಿತು. ಸರ್ಕಾರದ ಉದ್ದೇಶವನ್ನು ಒಪ್ಪಿಕೊಂಡು ಅದರ ದಾರಿಯನ್ನಷ್ಟೇ ಬದಲಿಸುವ ಇಂಥ ಪಾಠ ಆಡಳಿತ ಪಕ್ಷದ ಸದಸ್ಯರಿಗೂ ಮುಜುಗರ ತರುವುದಿಲ್ಲ.

ವ್ಯಾಪ್ತಿಯ ಎಚ್ಚರ ಬೇಕು. ತಿದ್ದುಪಡಿ ವಿಧೇಯಕ ಮೂಲ ಕಾಯ್ದೆಯ ಐದು ಪ್ರಕರಣಗಳನ್ನು ಮುಟ್ಟಿದ್ದರೆ, ಆರನೆಯದನ್ನು ಸರಿಪಡಿಸಿ ಎಂಬ ಬೇಡಿಕೆ ಎಷ್ಟೇ ನ್ಯಾಯವಾದರೂ ಸಾಮಾನ್ಯವಾಗಿ ವ್ಯಾಪ್ತಿಯ ಹೊರಗಿನದು. ಅಂಥದ್ದನ್ನು ಕೊನೆಯಲ್ಲಿ ಬೇರೆ ಟಿಪ್ಪಣಿಯಾಗಿ ಇಡಿ. ನಡುವೆ ಸೇರಿಸಿದರೆ ಇಡೀ ಮನವಿಗೇ 'ವಿಧೇಯಕಕ್ಕೆ ಸಂಬಂಧಿಸಿಲ್ಲ' ಎಂಬ ಷರಾ ಬೀಳುತ್ತದೆ. ಹೊಸದಾಗಿ ಸಮಗ್ರ ಕಾಯ್ದೆಯೇ ಬರುತ್ತಿದ್ದರೆ ಈ ಅಡ್ಡಿ ಬಹಳ ಮಟ್ಟಿಗೆ ಇಲ್ಲ.

ಪಂಚಾಯಿತಿ ತಾನೇ ಕಳಿಸುವುದಾದರೆ ಸಾಮಾನ್ಯ ಸಭೆಯ ನಿರ್ಣಯದ ನಕಲು, ಸಂಖ್ಯೆ ಮತ್ತು ದಿನಾಂಕದೊಂದಿಗೆ, ಲಗತ್ತಿಸಬೇಕು. ಅಧ್ಯಕ್ಷರ ಸಹಿಯೊಂದೇ ಇದ್ದರೆ ಅದು ಒಬ್ಬರ ಅಭಿಪ್ರಾಯ. ನೂರು ಪಂಚಾಯಿತಿಗಳಿಂದ ಒಂದೇ ಅಚ್ಚಿನ ಪತ್ರ ಬರುವುದಕ್ಕಿಂತ, ತಮ್ಮ ತಮ್ಮ ಅಂಕಿ ಸೇರಿಸಿದ ಹತ್ತು ಪತ್ರಗಳು ತೂಕದವು: ಕಳೆದ ಮೂರು ವರ್ಷದ ವಸೂಲಿ ಎಷ್ಟು, ಈ ಖಂಡ ಜಾರಿಯಾದರೆ ಎಷ್ಟು ಖೋತಾ, ಎಷ್ಟು ಅರ್ಜಿ ಬಾಕಿ.

ಸಮಿತಿ ಸಾಕ್ಷ್ಯಕ್ಕೆ ಕರೆದರೆ ಸಿಗುವ ಸಮಯ ಕಡಿಮೆ. ಮನವಿಯನ್ನು ಮತ್ತೆ ಓದಬೇಡಿ, ಅದು ಅವರ ಮುಂದೆ ಇದೆ. ಒಂದೇ ಖಂಡ ಹಿಡಿದು, ಅದರಿಂದ ನಿಮ್ಮ ವಾರ್ಡಿನಲ್ಲಿ ನಾಳೆ ಏನು ಬದಲಾಗುತ್ತದೆ ಎಂದು ಹೇಳಿ. ಇಲಾಖೆಯ ಅಧಿಕಾರಿಗಳೂ ಅಲ್ಲೇ ಕೂತಿರಬಹುದು, ಪ್ರಶ್ನೆಯನ್ನು ಅಧ್ಯಕ್ಷರ ಮೂಲಕವೇ ಕೇಳಿ. ಒಳಗೆ ನಡೆದದ್ದನ್ನು ವರದಿ ಮಂಡನೆಯಾಗುವ ಮೊದಲು ಹೊರಗೆ ಹೇಳುವಂತಿಲ್ಲ. ಹೊರಬಂದ ಕೂಡಲೇ ಕ್ಯಾಮೆರಾ ಮುಂದೆ ನಿಂತರೆ ಹಕ್ಕುಚ್ಯುತಿಯ ಮಾತು ಬರುತ್ತದೆ.

ಆರನೆಯ ಹೆಜ್ಜೆ: ವರದಿ ಬಂದ ದಿನ

ವರದಿಯ ಜೊತೆ 'ಸಮಿತಿ ವರದಿ ಮಾಡಿದಂತೆ' ತಿದ್ದಿದ ವಿಧೇಯಕವೂ ಇರುತ್ತದೆ. ಮೂಲದೊಂದಿಗೆ ಮತ್ತೆ ಜೋಡಿಸಿ ಓದಬೇಕು, ಹಳೆಯ ನಾಲ್ಕು ಕಾಲಮಿನ ಹಾಳೆಗೆ ಐದನೆಯದು ಸೇರುತ್ತದೆ. ಭಿನ್ನಾಭಿಪ್ರಾಯದ ಟಿಪ್ಪಣಿಗಳನ್ನು ಬಿಡದೆ ಓದಿ. ಸಮಿತಿಯೊಳಗೆ ಸೋತ ತಿದ್ದುಪಡಿಗಳೆಲ್ಲ ಅಲ್ಲಿ ಉಳಿದಿರುತ್ತವೆ, ಸದನದಲ್ಲಿ ಅವನ್ನೇ ಮತ್ತೆ ಸೂಚಿಸಬಹುದು.

ಸಮಿತಿ ಮಾಡಿದ ಬದಲಾವಣೆಯಿಂದಲೇ ಹೊಸ ತೊಡಕು ಹುಟ್ಟುವುದೂ ಉಂಟು. 2020ರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ವಿಧೇಯಕವೂ ಜಂಟಿ ಸಮಿತಿಯ ಮುಂದೆ ಹೋಗಿತ್ತು. 198 ಇದ್ದ ವಾರ್ಡುಗಳು ಹೊಸ ಕಾಯ್ದೆಯಲ್ಲಿ 243 ಆದವು. ಪಾಲಿಕೆಯ ಅವಧಿ ಆ ವರ್ಷದ ಸೆಪ್ಟೆಂಬರಿಗೇ ಮುಗಿದಿತ್ತು. ಡಿಸೆಂಬರಿನಲ್ಲಿ ಹೈಕೋರ್ಟು 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಮುಂದೆ ಆ ಪಾಲಿಕೆಗೆ ಚುನಾವಣೆ ನಡೆಯಲೇ ಇಲ್ಲ. ವಾರ್ಡಿನ ಸಂಖ್ಯೆ ಬದಲಿಸುವ ಯಾವ ಖಂಡಕ್ಕೂ 'ಹೊಸ ವಿಂಗಡಣೆ ಇಂಥ ದಿನದೊಳಗೆ ಮುಗಿಯದಿದ್ದರೆ ಹಳೆಯ ವಾರ್ಡುಗಳ ಮೇಲೆಯೇ ಚುನಾವಣೆ' ಎಂಬ ಪರಂತುಕ ಕೇಳುವುದು ಇದರಿಂದ ಕಲಿಯಬೇಕಾದ ಪಾಠ.

ಸಮಿತಿ ಕಾಲ ತಳ್ಳುತ್ತಾ ಹೋಗಿ ವಿಧಾನಸಭೆಯೇ ವಿಸರ್ಜನೆಯಾದರೆ, ಅಲ್ಲಿ ಬಾಕಿಯಿರುವ ವಿಧೇಯಕ 196(5)ರಂತೆ ಬಿದ್ದುಹೋಗುತ್ತದೆ. ಅಧಿವೇಶನ ಮುಂದೂಡಿದ ಮಾತ್ರಕ್ಕೆ ಬೀಳುವುದಿಲ್ಲ.

ಅಂಗೀಕಾರವಾದ ಮೇಲೂ ಒಂದು ಬಾಗಿಲಿದೆ. 200ನೇ ಅನುಚ್ಛೇದದಂತೆ ರಾಜ್ಯಪಾಲರು ಅಂಕಿತ ಹಾಕಬಹುದು, ಮರುಪರಿಶೀಲನೆಗೆ ಹಿಂತಿರುಗಿಸಬಹುದು, ರಾಷ್ಟ್ರಪತಿಯವರಿಗೆ ಕಾಯ್ದಿರಿಸಬಹುದು. 2015ರ ವಿಧೇಯಕ ಹೀಗೆಯೇ ದೆಹಲಿಗೆ ಹೋಯಿತು. ಗ್ರೇಟರ್ ಬೆಂಗಳೂರು ವಿಧೇಯಕದ ಬಗ್ಗೆ 2025ರ ಮಾರ್ಚಿನಲ್ಲಿ ರಾಜ್ಯಪಾಲರು 74ನೇ ತಿದ್ದುಪಡಿಯ ವಿಚಾರವೆತ್ತಿ ವಿವರಣೆ ಕೇಳಿದರು, ಏಪ್ರಿಲಿನಲ್ಲಿ ಅಂಕಿತ ಬಿತ್ತು. ಸಮಿತಿಗೆ ಕೊಟ್ಟ ಮನವಿಯಲ್ಲಿ ಅನುಚ್ಛೇದದ ಸಂಖ್ಯೆಗಳಿದ್ದರೆ ಅದೇ ಕಾಗದವನ್ನು ರಾಜಭವನಕ್ಕೂ ಕಳಿಸಬಹುದು, ಹೊಸದಾಗಿ ಬರೆಯಬೇಕಿಲ್ಲ.

ಆಮೇಲೆ ಜಾರಿಯ ದಿನಾಂಕ ನೋಡಿ. 'ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದ ದಿನಾಂಕದಂದು' ಎಂದಿದ್ದರೆ ಅಂಕಿತವಾದರೂ ಕಾಯ್ದೆ ಮಲಗಿರುತ್ತದೆ. ಗ್ರೇಟರ್ ಬೆಂಗಳೂರು ಕಾಯ್ದೆ ಜಾರಿಗೆ ಬಂದದ್ದು 2025ರ ಮೇ 15ರಂದು. ಬೇರೆ ಬೇರೆ ಪ್ರಕರಣಗಳಿಗೆ ಬೇರೆ ಬೇರೆ ದಿನ ಗೊತ್ತುಪಡಿಸಲು ಅವಕಾಶವಿದ್ದರೆ, ನಿಮಗೆ ಬೇಕಾದ ಪ್ರಕರಣವೇ ಕೊನೆಗೆ ಉಳಿದುಬಿಡಬಹುದು. ಕರಡು ನಿಯಮಗಳು ರಾಜ್ಯಪತ್ರದಲ್ಲಿ ಬಂದಾಗ ಆಕ್ಷೇಪಣೆಗೆ ಕೊಡುವ ದಿನಗಳನ್ನು ಪ್ರಕಟಣೆಯ ದಿನಾಂಕದಿಂದ ಎಣಿಸಿಕೊಳ್ಳಿ, ನಿಮ್ಮ ಕೈಗೆ ಪ್ರತಿ ಸಿಕ್ಕ ದಿನದಿಂದಲ್ಲ. ಸದನದಲ್ಲಿ ಮಂಡಿಸಿದ ನಿಯಮ ಮೂಲ ಕಾಯ್ದೆಯನ್ನು ಮೀರಿದೆ ಅನಿಸಿದರೆ ಬರೆಯಬೇಕಾದ ವಿಳಾಸ ಅಧೀನ ಶಾಸನ ರಚನಾ ಸಮಿತಿಯದು. ಆ ಪತ್ರಕ್ಕೂ ಕ್ರಮ ಅದೇ: ನಿಯಮದ ಸಂಖ್ಯೆ, ಅದು ಮೀರಿದ ಪ್ರಕರಣ, ನಿಮ್ಮ ಬದಲಿ ಪಾಠ.